ಎರಡು ಸರ್ವರ್‌ಗಳ ನಡುವೆ ಡೇಟಾ ಕಳಿಸುವವರೇ, ನಾನು ಮಾಡಿದ ತಪ್ಪು ಮಾಡಬೇಡಿ

ನಿಮ್ಮ ಒಂದು ಸ್ಕ್ರಿಪ್ಟ್ ಒಂದು ಸರ್ವರ್‌ನಲ್ಲಿದೆ, ಇನ್ನೊಂದು ಬೇರೆ ಸರ್ವರ್‌ನಲ್ಲಿದೆ, ನಡುವೆ ಮಾಹಿತಿ ಯುಆರ್‌ಎಲ್‌ನಲ್ಲಿ ಓಡಾಡುತ್ತಿದೆ ಅಂತಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಎರಡು ವಾರದ ನಿದ್ದೆ ಉಳಿಯುತ್ತಿತ್ತು.

ಕೆಲಸ ಚಿಕ್ಕದೇ. ಒಂದು ತರಬೇತಿ ಶಿಬಿರದ ನೋಂದಣಿ. ಫಾರ್ಮ್ ಒಂದು ಸರ್ವರ್‌ನಲ್ಲಿ, ಶುಲ್ಕ ಕಟ್ಟಿಸಿಕೊಳ್ಳುವ ಸ್ಕ್ರಿಪ್ಟ್ ಇನ್ನೊಂದರಲ್ಲಿ. ಎರಡೂ ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದು. ಮೊದಲು ವಿವರಗಳನ್ನು ಸೆಷನ್‌ಗೆ, ಅಂದರೆ ಒಬ್ಬ ಬಳಕೆದಾರರ ಮಾಹಿತಿಯನ್ನು ಸರ್ವರ್ ನೆನಪಿಟ್ಟುಕೊಳ್ಳುವ ಜಾಗಕ್ಕೆ, ಹಾಕಿ ನೋಡಿದೆ. ಆ ಕಡೆ ಹೋದರೆ ಸೆಷನ್ ಖಾಲಿ. ಆಗಲೇಬೇಕಲ್ವಾ? ನಾವು ಬೇರೆ ವ್ಯವಸ್ಥೆ ಮಾಡದಿದ್ದರೆ ಪಿಎಚ್‌ಪಿ ಸೆಷನ್ ಅನ್ನು ಆಯಾ ಸರ್ವರ್‌ನ ಡಿಸ್ಕ್‌ನಲ್ಲೇ ಫೈಲ್ ಆಗಿ ಇಡುತ್ತದೆ. ಸೆಷನ್ ಯಾರದ್ದು ಅಂತ ಹೇಳುವ ಗುರುತನ್ನು, ಅಂದರೆ ಒಂದು ಡೊಮೇನ್‌ನ ಕುಕೀಯನ್ನು, ಬ್ರೌಸರ್ ಇನ್ನೊಂದು ಡೊಮೇನ್‌ಗೆ ಕೊಡುವುದೂ ಇಲ್ಲ.

ಸರಿ, ಯುಆರ್‌ಎಲ್‌ನಲ್ಲೇ ಕಳಿಸೋಣ ಅಂದುಕೊಂಡೆ. ಶುಲ್ಕ ಕಟ್ಟಿ ಮುಗಿದ ಮೇಲೆ ಎರಡನೇ ಸರ್ವರ್ ಬ್ರೌಸರನ್ನು ಮೊದಲನೆಯದಕ್ಕೆ ವಾಪಸ್ ಕಳಿಸುತ್ತಿತ್ತು. ಕೊನೆಯಲ್ಲಿ "?ಐಡಿ=214&ಸ್ಟೇಟಸ್=ಪೇಯ್ಡ್" ಅನ್ನುವ ರೀತಿಯ ಬಾಲ. ಬೇರೆ ಯಾರೂ ಕರೆಯಬಾರದು ಅಂತ ಒಂದು ಗುಟ್ಟಿನ ಕೀ ಕೂಡ ಅದೇ ಬಾಲಕ್ಕೆ ಸೇರಿಸಿದ್ದೆ. ಆ ಕೀ ಪ್ರತಿಯೊಬ್ಬರ ಅಡ್ರೆಸ್ ಬಾರ್‌ನಲ್ಲೂ ಕಾಣುತ್ತದೆ ಅನ್ನುವುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಎರಡು ವಾರ ಎಲ್ಲಾ ಚೆನ್ನಾಗಿತ್ತು. ಆಮೇಲೆ ಲೆಕ್ಕ ನೋಡುವವರು ಕೇಳಿದರು: ಶುಲ್ಕ ಕಟ್ಟಿದವರ ಪಟ್ಟಿಯಲ್ಲಿ ಏಳು ಹೆಸರು ಜಾಸ್ತಿ ಇದೆ, ದುಡ್ಡು ಎಲ್ಲಿ? ಅದೇ ದಿನ ಇನ್ನೊಬ್ಬರು, ನನಗೆ ಒಂದೇ ರಸೀದಿ ನಾಲ್ಕು ಸಲ ಬಂದಿದೆ ಅಂತ ಬರೆದರು.

ಆ ರಾತ್ರಿ, ಸರ್ವರ್‌ಗೆ ಬಂದ ಪ್ರತಿ ವಿನಂತಿಯೂ ದಾಖಲಾಗುವ ಆಕ್ಸೆಸ್ ಲಾಗ್ ತೆರೆದು ಕೂತೆ. 214ರ ಸಾಲು ಮೊದಲ ಸಲ ಸರಿಯಾಗೇ ಬಂದಿತ್ತು. ಹನ್ನೊಂದು ನಿಮಿಷದ ನಂತರ ಅದೇ ಸಾಲು ಮತ್ತೆ, ಬೇರೆ ಐಪಿಯಿಂದ. ಯೂಸರ್ ಏಜೆಂಟ್ (ಪುಟ ಕೇಳಿದ ಪ್ರೋಗ್ರಾಂನ ಹೆಸರು) ನೋಡಿದರೆ ಅದು ಮನುಷ್ಯರದ್ದೇ ಅಲ್ಲ, ಚಾಟ್ ಆಪ್‌ನ ಪ್ರಿವ್ಯೂ ಬಾಟ್! ಆ ವ್ಯಕ್ತಿ ಖುಷಿಯಿಂದ "ನಾನು ಸೇರಿದೆ, ನೀವೂ ಬನ್ನಿ" ಅಂತ ಆ ಪುಟದ ಲಿಂಕನ್ನು ಗೆಳೆಯರಿಗೆ ಕಳಿಸಿದ್ದರು. ಲಿಂಕ್‌ಗೆ ಚಿತ್ರ, ಶೀರ್ಷಿಕೆ ತೋರಿಸಲು ಬಾಟ್ ಅದನ್ನು ತೆರೆಯಿತು. ನನ್ನ ಸ್ಕ್ರಿಪ್ಟ್ "ಓಹ್, ಶುಲ್ಕ ಬಂತು" ಅಂತ ಇನ್ನೊಂದು ರಸೀದಿ ಕಳಿಸಿತು. ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಲಿಂಕ್ ತೆರೆದಾಗ ಹೋಗುವ ಗೆಟ್ ವಿನಂತಿ ಬರೀ ಓದುವುದಕ್ಕೆ ಇರುವಂಥದ್ದು. ಅದರಿಂದ ಸರ್ವರ್‌ನಲ್ಲಿ ಏನೂ ಬದಲಾಗಬಾರದು ಅಂತ ಎಚ್‌ಟಿಟಿಪಿ ನಿಯಮವೇ ಇದೆ. ಅದನ್ನು ನಂಬಿಯೇ ಬಾಟ್‌ಗಳು ಕಂಡ ಲಿಂಕನ್ನೆಲ್ಲ ತೆರೆಯುತ್ತವೆ. ನಿಯಮ ಮುರಿದವನು ನಾನು.

ಅದರ ಕೆಳಗಿನ ಸಾಲುಗಳಲ್ಲಿ ಆ ಏಳು ಹೆಸರು ಸಿಕ್ಕವು. ಲಿಂಕ್ ಸಿಕ್ಕವರಲ್ಲಿ ಕೆಲವರು 214 ಇದ್ದ ಕಡೆ ತಮ್ಮ ನಂಬರ್ ಹಾಕಿ ಎಂಟರ್ ಒತ್ತಿದ್ದರು, ಅಷ್ಟೇ. ಕೀ ಹೇಗೂ ಲಿಂಕ್‌ನಲ್ಲೇ ಇತ್ತು.

ಈಗ ಸರಿಮಾಡಿದ ಕಥೆ. ಇಲ್ಲೂ ನಾನು ಮೂರು ಕಡೆ ಎಡವಿದೆ.

ಬ್ರೌಸರ್ ಈಗ ನೋಂದಣಿ ನಂಬರ್ ಬಿಟ್ಟು ಏನನ್ನೂ ಹೊತ್ತು ತರುವುದಿಲ್ಲ. ಶುಲ್ಕ ಬಂತಾ ಇಲ್ವಾ ಅನ್ನುವುದನ್ನು ಎರಡನೇ ಸರ್ವರ್ ನೇರವಾಗಿ ಮೊದಲನೆಯದಕ್ಕೆ ಕರ್ಲ್ (ಸರ್ವರ್‌ನಿಂದಲೇ ವಿನಂತಿ ಕಳಿಸುವ ಸಾಧನ) ಮೂಲಕ ಪೋಸ್ಟ್ ಮಾಡುತ್ತದೆ, ಅಂದರೆ ಡೇಟಾವನ್ನು ವಿಳಾಸದಲ್ಲಲ್ಲ, ವಿನಂತಿಯ ಒಳಗೆ ಇಟ್ಟು ಕಳಿಸುತ್ತದೆ. ಜೊತೆಗೆ ಸಮಯ, ಮತ್ತೆ ಇಡೀ ಸಂದೇಶದ ಮೇಲೆ ಎಚ್‌ಮ್ಯಾಕ್ ಸಹಿ (ಸಂದೇಶ ಮತ್ತು ಗುಟ್ಟಿನ ಕೀ ಸೇರಿಸಿ ಲೆಕ್ಕಹಾಕಿದ ಮುದ್ರೆ), ಎಸ್‌ಎಚ್‌ಎ-256 ಎಂಬ ಲೆಕ್ಕದ ವಿಧಾನ ಬಳಸಿ. ಕೀ ಎರಡೂ ಸರ್ವರ್‌ಗಳಲ್ಲಿ ಇರುತ್ತದೆ, ದಾರಿಯಲ್ಲಿ ಎಂದೂ ಹೋಗುವುದಿಲ್ಲ. ನಡುವೆ ಯಾರಾದರೂ ಒಂದು ಅಂಕಿ ಬದಲಿಸಿದರೂ ಸಹಿ ಹೊಂದುವುದಿಲ್ಲ. ಐದು ನಿಮಿಷಕ್ಕಿಂತ ಹಳೆಯ ಸಂದೇಶ ಬಂದರೆ ತಳ್ಳಿಹಾಕುತ್ತೇನೆ.

ಮೊದಲ ದಿನ ಪೋಸ್ಟ್ ಹೋಯಿತು, 200 (ಎಲ್ಲಾ ಸರಿ) ಅಂತ ಉತ್ತರವೂ ಬಂತು, ಆದರೆ ಆ ಕಡೆ ಡೇಟಾ ಪೂರ್ತಿ ಖಾಲಿ. ಮೂರು ಗಂಟೆ ತಲೆ ಕೆರೆದುಕೊಂಡೆ. ನಾನು ವಿಳಾಸವನ್ನು ಎಚ್‌ಟಿಟಿಪಿ ಅಂತ ಬರೆದಿದ್ದೆ. ಸರ್ವರ್ ಅದನ್ನು 301 (ವಿಳಾಸ ಬದಲಾಗಿದೆ, ಅಲ್ಲಿಗೆ ಹೋಗು ಅನ್ನುವ ಉತ್ತರ) ಕೊಟ್ಟು ಎಚ್‌ಟಿಟಿಪಿಎಸ್‌ಗೆ ತಿರುಗಿಸುತ್ತಿತ್ತು. 301 ಸಿಕ್ಕಾಗ ಅದರ ಹಿಂದೆ ಹೋಗು ಅಂತ ಹೇಳಿದ್ದರೆ ಕರ್ಲ್ ಮಾಮೂಲಿಯಾಗಿ ಪೋಸ್ಟ್ ಅನ್ನು ಗೆಟ್ ಮಾಡಿಬಿಡುತ್ತದೆ, ಡೇಟಾ ದಾರಿಯಲ್ಲೇ ಉದುರಿಹೋಗುತ್ತದೆ. 307 ಅಥವಾ 308 ಆಗಿದ್ದರೆ ಪೋಸ್ಟ್ ಪೋಸ್ಟ್ ಆಗಿಯೇ ಉಳಿಯುತ್ತಿತ್ತು. ಸುಮ್ನೆ ಸರಿಯಾದ ವಿಳಾಸವನ್ನೇ ಬರೆಯಿರಿ, ರೀಡೈರೆಕ್ಟ್ ಹಿಂದೆ ಹೋಗುವುದನ್ನು ಆಫ್ ಮಾಡಿ.

ಎರಡನೆಯದು ಇನ್ನೂ ಕಾಡಿತು. ಸಹಿ ಕೆಲವು ಸಲ ಹೊಂದುತ್ತಿತ್ತು, ಕೆಲವು ಸಲ ಇಲ್ಲ. ಅದೇ ಕೋಡ್, ಅದೇ ಕೀ. ಕೊನೆಗೆ ಎರಡೂ ಕಡೆಯ ಸಹಿಯನ್ನು ಒಂದರ ಕೆಳಗೆ ಒಂದು ಇಟ್ಟು ಅಕ್ಷರ ಅಕ್ಷರ ನೋಡಿದೆ. ಕಳಿಸಿದ ಕಡೆ "+" ಇತ್ತು, ಬಂದ ಕಡೆ ಅದೇ ಜಾಗದಲ್ಲಿ ಖಾಲಿ ಜಾಗ. ಸಹಿಯನ್ನು ಬೇಸ್64 (ಬೈಟ್‌ಗಳನ್ನು ಅಕ್ಷರ, ಅಂಕಿ, "+", "/" ಆಗಿ ಬರೆಯುವ ವಿಧಾನ) ಮಾಡಿ, ಯುಆರ್‌ಎಲ್ ಎನ್‌ಕೋಡ್ ಮಾಡದೆ ಹಾಗೇ ಸಂದೇಶಕ್ಕೆ ಅಂಟಿಸಿದ್ದೆ. ಫಾರ್ಮ್ ಡೇಟಾದಲ್ಲಿ "+" ಅಂದರೆ ಸ್ಪೇಸ್ ಅಂತಲೇ ಅರ್ಥ. 32 ಬೈಟ್‌ನ ಸಹಿ ಬೇಸ್64ನಲ್ಲಿ 44 ಅಕ್ಷರ ಆಗುತ್ತದೆ. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಅರ್ಧದಷ್ಟು ಸಹಿಗಳಲ್ಲಿ ಒಂದಾದರೂ "+" ಇರುತ್ತದೆ. ಈಗ ಹೆಕ್ಸ್ ಬಳಸುತ್ತೇನೆ. 64 ಅಕ್ಷರ, ಬರೀ ಅಂಕಿ ಮತ್ತು ಆರು ಅಕ್ಷರಗಳು, ತಕರಾರೇ ಇಲ್ಲ.

ಮೂರನೆಯದು ಟೈಮ್‌ಔಟ್. ಪಿಎಚ್‌ಪಿಯಲ್ಲಿ ಕರ್ಲ್‌ಗೆ ನಾವೇ ಹೇಳದಿದ್ದರೆ ಉತ್ತರಕ್ಕೆ ಕಾಯುವ ಸಮಯಕ್ಕೆ ಮಿತಿಯೇ ಇಲ್ಲ. ಅದಕ್ಕೆ 10 ಸೆಕೆಂಡ್ ಇಟ್ಟೆ, ಉತ್ತರ ಬರದಿದ್ದರೆ ಮತ್ತೆ ಕಳಿಸು ಅಂದೆ. ಆದರೆ ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಕೆಲಸ ಆಗಿಲ್ಲ ಅಂತಲ್ಲ! ಆ ಕಡೆ ದಾಖಲೆ ಆಗಿತ್ತು, ಉತ್ತರ ಮಾತ್ರ ತಡವಾಗಿತ್ತು. ಮತ್ತೆ ಎರಡೆರಡು ರಸೀದಿ. ಈಗ ಪ್ರತಿ ಸಂದೇಶಕ್ಕೂ ಒಂದು ಬೇರೆಯೇ ಗುರುತು ಇದೆ. ಡೇಟಾಬೇಸ್‌ನಲ್ಲಿ ಆ ಕಾಲಂಗೆ, ಒಂದೇ ಗುರುತು ಎರಡು ಸಲ ಸೇರದಂತೆ ತಡೆಯುವ ಯುನೀಕ್ ಇಂಡೆಕ್ಸ್ ಹಾಕಿದ್ದೇನೆ. ಅದೇ ಗುರುತು ಎರಡನೇ ಸಲ ಬಂದರೆ ಹಳೆಯ ಉತ್ತರವನ್ನೇ ವಾಪಸ್ ಕೊಡುತ್ತದೆ.

ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಪತ್ರ) ತಕರಾರು ಬಂದಾಗ "ಪರಿಶೀಲನೆ ಆಫ್ ಮಾಡಿ, ಸರಿಹೋಗುತ್ತದೆ" ಅನ್ನುವ ಸಲಹೆ ಎಲ್ಲಾ ಕಡೆ ಸಿಗುತ್ತದೆ. ಮಾಡಬೇಡಿ. ಆಮೇಲೆ ನೀವು ಮಾತಾಡುತ್ತಿರುವುದು ನಿಮ್ಮ ಸರ್ವರ್ ಜೊತೆಗೋ ನಡುವೆ ಕೂತ ಇನ್ಯಾರ ಜೊತೆಗೋ ಗೊತ್ತಾಗುವುದೇ ಇಲ್ಲ. ಹಾಗೇ ಹೊರಗಿಂದ ಬಂದ ಡೇಟಾವನ್ನು ಪಿಎಚ್‌ಪಿಯ ಅನ್‌ಸೀರಿಯಲೈಸ್‌ಗೆ (ಪಠ್ಯವನ್ನು ಮತ್ತೆ ಪಿಎಚ್‌ಪಿ ವಸ್ತುವಾಗಿಸುವ ಫಂಕ್ಷನ್‌ಗೆ) ಕೊಡಬೇಡಿ, ಅದರ ಮೂಲಕ ನಿಮ್ಮ ಸರ್ವರ್‌ನಲ್ಲಿ ಬೇರೆಯವರ ಕೆಲಸ ನಡೆಯಬಹುದು. ಡೇಟಾವನ್ನು ಬರೀ ಪಠ್ಯವಾಗಿ ಬರೆಯುವ ಜೇಸನ್ ಸಾಕು.

ಆ ಏಳು ಜನಕ್ಕೂ ನಾನೇ ಫೋನ್ ಮಾಡಿದೆ. ಐದು ಜನ ಶುಲ್ಕ ಕಟ್ಟಿದರು, ಇಬ್ಬರು ಹೆಸರು ವಾಪಸ್ ತೆಗೆದುಕೊಂಡರು. ಕೀ ಬದಲಿಸಿದ್ದೇನೆ. ಹಳೆಯ ಕೀ ಇವತ್ತಿಗೂ ಆ ತಿಂಗಳ ಲಾಗ್ ಬ್ಯಾಕಪ್‌ಗಳಲ್ಲಿ, ಯಾರ್ಯಾರದೋ ಬ್ರೌಸರ್ ಹಿಸ್ಟರಿಯಲ್ಲಿ ಕೂತಿದೆ. ನಿಮ್ಮ ಲಾಗ್ ಫೈಲ್‌ನಲ್ಲಿ ನಿಮ್ಮ ಕೀಯನ್ನು ಒಮ್ಮೆ ಹುಡುಕಿ ನೋಡಿ. ಒಂದೇ ಒಂದು ಸಾಲಿನಲ್ಲಿ ಸಿಕ್ಕಿದರೂ ಇವತ್ತೇ ಬದಲಿಸಿ.