ಘಾಟಿ ದಾರಿಯಲ್ಲಿ ವಾಂತಿ ಮಾಡುವ ಮಗುವಿಗೆ ಯಾವ ಕಾರ್ ಸೀಟು? ಮೂರು ಬಗೆಯ ಹೋಲಿಕೆ

ಕಾರಿನ ಬೆಲ್ಟಿನಲ್ಲೇ ಬಿಗಿಯುವ, ಹಿಮ್ಮುಖವಾಗಿಯೂ ಮುಮ್ಮುಖವಾಗಿಯೂ ಕೂರಿಸಬಹುದಾದ 0–18 ಕೆಜಿ ತೂಕದ ಮಕ್ಕಳಿಗಾಗುವ ಸಾದಾ ಸೀಟು ನನ್ನ ಆಯ್ಕೆ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಮುಂದಿಟ್ಟು ತೋರಿಸುವುದಿಲ್ಲ. ಮೊದಲು ತೋರಿಸುವುದು ಐಸೋಫಿಕ್ಸ್ (ಬೆಲ್ಟಿಲ್ಲದೆ ಕಾರಿನದೇ ಲೋಹದ ಕೊಂಡಿಗಳಿಗೆ ಸೀಟು ಸಿಕ್ಕಿಸುವ ವ್ಯವಸ್ಥೆ) ಇರುವ, 360 ಡಿಗ್ರಿ ತಿರುಗುವ ಸೀಟು. ಅದು ದುಬಾರಿಯಾಯಿತು ಎಂದರೆ 9–36 ಕೆಜಿಯ, ‘ಹತ್ತು ವರ್ಷದವರೆಗೂ ನಡೆಯುತ್ತೆ’ ಎನ್ನುವ ಮುಮ್ಮುಖ ಸೀಟು. ಮೂರನ್ನೂ ಚಾರ್ಮಾಡಿ, ಶಿರಾಡಿಯಂಥ ತಿರುವಿನ ದಾರಿಗೆ, ಕಾರು ಹತ್ತಿದರೆ ಓಕರಿಸುವ ಎರಡು–ಮೂರು ವರ್ಷದ ಮಗುವಿಗೆ ಎಂದೇ ಇಲ್ಲಿ ತೂಗಿದ್ದೇನೆ. ಬೆಂಗಳೂರಿನೊಳಗೆ ಶಾಲೆ, ಮಾಲ್ ಎಂದು ಓಡಾಡುವವರಿಗೆ ಲೆಕ್ಕ ಬೇರೆ ಆಗಬಹುದು.

ಸುರಕ್ಷತೆಯ ಪಟ್ಟಿ ಒಪ್ಪಿಸುವುದಿಲ್ಲ. ಕಿತ್ತಳೆ ಬಣ್ಣದ ಚೀಟಿಯಲ್ಲಿ ವೃತ್ತದೊಳಗೆ ‘ಇ’ ಗುರುತು, ಜೊತೆಗೆ ವಿಶ್ವಸಂಸ್ಥೆಯ ಸುರಕ್ಷತಾ ಮಾನದಂಡಗಳಾದ ಆರ್44/04 ಅಥವಾ ಆರ್129 ಎಂದಿರಬೇಕು, ಇಲ್ಲವೇ ನಮ್ಮ ದೇಶದ ಮಾನದಂಡ ಎಐಎಸ್-072 ಇರಬೇಕು. ಇವ್ಯಾವುವೂ ಇಲ್ಲದ ಸೀಟನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ ಅದಕ್ಕೆ 1,000 ರೂಪಾಯಿ ದಂಡವಿದೆ. ದಂಡದ ಮಾತು ಹಾಗಿರಲಿ, ಗಟ್ಟಿಯಾಗಿ ಬ್ರೇಕ್ ಬಿದ್ದರೆ ದೊಡ್ಡವರ ಕೈಗಳು ಮಗುವನ್ನು ಹಿಡಿದು ನಿಲ್ಲಿಸಲಾರವು.

ವಾಂತಿಗೆ ಸೀಟೊಂದೇ ಕಾರಣವೂ ಅಲ್ಲ, ಮದ್ದೂ ಅಲ್ಲ. ಒಳಕಿವಿ ‘ತಿರುಗುತ್ತಿದ್ದೇವೆ’ ಎನ್ನುತ್ತದೆ, ಕಣ್ಣಿಗೆ ಕಾಣುವುದು ಅಲುಗಾಡದ ಸೀಟಿನ ಬೆನ್ನು. ಈ ಎರಡು ಸುದ್ದಿ ಹೊಂದದಿದ್ದಾಗ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗೆ ಇದು ಅಪರೂಪ, ಎರಡರಿಂದ ಹನ್ನೆರಡರವರೆಗೆ ಹೆಚ್ಚು. ಹಾಗಾಗಿ ಎರಡು ತುಂಬುವ ಹೊತ್ತಿಗೆ ಹೊಸ ಸೀಟು ತಂದವರು ‘ಈ ಸೀಟು ಬಂದ ಮೇಲೇ ಶುರುವಾಯ್ತು’ ಎಂದು ಅದನ್ನೇ ದೂರುತ್ತಾರೆ. ಶುರುವಾಗುವ ವಯಸ್ಸೇ ಅದು.

ಸೀಟಿನಿಂದ ಸಿಗಬೇಕಾದದ್ದು ಮೂರು: ಮಗುವಿನ ಕಣ್ಣಿಗೆ ದೂರದ ದಾರಿ ಕಾಣಬೇಕು, ತಲೆ ತೂಗದೆ ನಿದ್ದೆ ಬರಬೇಕು, ವಾಂತಿಯಾದಾಗ ಎಲ್ಲ ಬಿಚ್ಚಿ ತೊಳೆಯಲು ಬರಬೇಕು. ಅಂಗಡಿಯಲ್ಲಿ ಯಾರೂ ನೋಡದಿರುವುದು ಮೂರನೆಯದನ್ನು. ದಿನ ಹಾಳಾಗುವುದು ಅಲ್ಲೇ.

ವಾಂತಿ ಎಲ್ಲಿಗೆ ಇಳಿಯುತ್ತದೆ

ಒರಗಿ ಕೂತ ಮಗು ವಾಂತಿ ಮಾಡಿದರೆ ಅದು ಎದೆಯ ಮೇಲಿಂದ ಇಳಿದು ತೊಡೆಗಳ ನಡುವೆ ನಿಲ್ಲುತ್ತದೆ. ಐದು ಪಟ್ಟಿಗಳೂ ಸೇರುವ ಬಕಲ್ ಇರುವುದು ಸರಿಯಾಗಿ ಅಲ್ಲೇ. ಒಂದಿಷ್ಟು ಬಕಲಿನೊಳಗೆ ಹೋಗುತ್ತದೆ, ಒಂದಿಷ್ಟು ಬಕಲಿನ ಪಟ್ಟಿ ಹಾದುಬರುವ ಸೀಳಿನಿಂದ ಕೆಳಕ್ಕೆ ಇಳಿಯುತ್ತದೆ. ಬೆಲ್ಟಿನ ಸಾದಾ ಸೀಟಿನಲ್ಲಿ ಆ ಸೀಳಿನ ಕೆಳಗಿರುವುದು ಬರೀ ಪ್ಲಾಸ್ಟಿಕ್ ಚಿಪ್ಪು. ಸೀಟನ್ನು ಕಾರಿನಿಂದ ಎತ್ತಿ, ಬಚ್ಚಲಿಗೆ ಒಯ್ದು, ತಲೆಕೆಳಗು ಮಾಡಿ ಒರೆಸಬಹುದು. ತಿರುಗುವ ಸೀಟಿನಲ್ಲಿ ಸೀಳಿನ ಕೆಳಗಿರುವುದು ತಿರುಗುಣಿ. ಸೀಟಿಗೂ ಪೀಠಕ್ಕೂ ನಡುವೆ ಬೆರಳು ಹೋಗದಷ್ಟು ಸಂದು. ಹಾಲು ಅನ್ನ ಅಲ್ಲಿಗೆ ಇಳಿದರೆ ಬಟ್ಟೆ ಹೋಗುವುದಿಲ್ಲ, ಬ್ರಷ್ ಹೋಗುವುದಿಲ್ಲ, ಪೀಠವನ್ನು ಮನೆಯಲ್ಲಿ ಬಿಚ್ಚುವ ಹಾಗೂ ಇಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನ ಬಾಗಿಲು ತೆಗೆದರೆ ಹುಳಿ ವಾಸನೆ ಮುಖಕ್ಕೆ ಹೊಡೆಯುತ್ತದೆ, ಆ ವಾಸನೆಗೇ ಮಗು ಮುಂದಿನ ಸಲ ಊರು ದಾಟುವ ಮೊದಲೇ ಓಕರಿಸುತ್ತದೆ. ತಿರುಗುವ ಸೀಟನ್ನು ನಾನು ಕೈಬಿಟ್ಟದ್ದು ಈ ಒಂದು ಸಂದಿಗಾಗಿ. ಬೆಲೆ ಆಮೇಲಿನ ಮಾತು.

ಇನ್ನು ಕವರ್. ಇದರಲ್ಲಿ ಎರಡು ಜಾತಿ. ಕೆಲವು ಸೀಟುಗಳಲ್ಲಿ ಕವರ್ ತೆಗೆಯಬೇಕಾದರೆ ಭುಜದ ಪಟ್ಟಿಗಳನ್ನೇ ಬಿಚ್ಚಬೇಕು. ಸೀಟಿನ ಬೆನ್ನಿನಲ್ಲಿ ಎರಡು ಪಟ್ಟಿಗಳೂ ಒಂದು ಲೋಹದ ಕೊಂಡಿಗೆ ಸಿಕ್ಕಿರುತ್ತವೆ. ಅಲ್ಲಿಂದ ಬಿಡಿಸಿ, ಮುಂದಕ್ಕೆ ಎಳೆದು, ಆಮೇಲೆ ಕವರ್ ಜಾರಿಸಬೇಕು. ತೆಗೆಯುವುದು ಸುಲಭ, ಕಷ್ಟವಿರುವುದು ಮರಳಿ ಹಾಕುವುದರಲ್ಲಿ. ಒಂದು ಪಟ್ಟಿ ತಿರುಚಿಕೊಳ್ಳುತ್ತದೆ, ಒಂದು ಪಟ್ಟಿ ಮೇಲಿನ ಸೀಳಿಗೂ ಇನ್ನೊಂದು ಕೆಳಗಿನದಕ್ಕೂ ಹೋಗುತ್ತದೆ, ಕೊಂಡಿಗೆ ಕುಣಿಕೆ ಅರ್ಧ ಮಾತ್ರ ಸಿಕ್ಕಿರುತ್ತದೆ. ನೋಡುವುದಕ್ಕೆ ಎಲ್ಲ ಸರಿಯಾಗೇ ಇರುತ್ತದೆ. ಎಳೆದ ರಭಸಕ್ಕೆ ಅರ್ಧ ಸಿಕ್ಕ ಕುಣಿಕೆ ಜಾರಿತೆಂದರೆ ಹಾರ್ನೆಸ್ (ಮಗುವನ್ನು ಹಿಡಿಯುವ ಐದು ಪಟ್ಟಿಗಳ ಕಟ್ಟು) ಇದ್ದೂ ಇಲ್ಲದ ಹಾಗೆ. ಎರಡನೇ ಜಾತಿಯ ಕವರ್ ತುಂಡು ತುಂಡಾಗಿ ಬರುತ್ತದೆ, ತಲೆಗೊಂದು, ಬೆನ್ನಿಗೊಂದು, ಕೂರುವ ಜಾಗಕ್ಕೊಂದು. ಪಟ್ಟಿಯ ಸೀಳಿನಿಂದ ಅಂಚಿನವರೆಗೆ ವೆಲ್ಕ್ರೋ ಅಥವಾ ಒತ್ತುಗುಂಡಿ ಇರುತ್ತದೆ. ಹಾರ್ನೆಸ್ ಮುಟ್ಟದೆ ಕೂರುವ ಜಾಗದ ತುಂಡನ್ನಷ್ಟೇ ಕೊಟ್ಟಿಗೆಹಾರದಲ್ಲಿ ಕಾರು ನಿಲ್ಲಿಸಿ ತೆಗೆದುಬಿಡಬಹುದು. ಅಂಗಡಿಯವರ ಹತ್ತಿರ ಮೊದಲು ಕೇಳಬೇಕಾದದ್ದು ‘ಕವರ್ ತೆಗೆದು ತೋರಿಸಿ’ ಎಂದು. ತೋರಿಸಲಾರೆ ಎಂದರೆ ಕೈಪಿಡಿ ತೆರೆಸಿ ಆ ಪುಟ ಓದಿ.

ಬಕಲಿನ ವಿಷಯಕ್ಕೆ ಬಂದರೆ, ಒಳಗೆ ಅನ್ನದ ಅಗುಳು ಒಣಗಿದರೆ ನಾಲಿಗೆಗಳು ಪೂರ್ತಿ ಕೂರುವುದಿಲ್ಲ. ‘ಕ್ಲಿಕ್’ ಮೆತ್ತಗಾಗುತ್ತದೆ, ಕೆಂಪು ಗುಂಡಿ ಒತ್ತಿದರೆ ಮೇಲೆ ಬರುವುದಿಲ್ಲ. ಸೀಟನ್ನು ಮಗುಚಿದರೆ ಬಕಲಿನ ಪಟ್ಟಿಯ ತುದಿಗೆ ಒಂದು ಲೋಹದ ತಟ್ಟೆ ಕಾಣುತ್ತದೆ. ಅದನ್ನು ಅಡ್ಡಲಾಗಿ ನಿಲ್ಲಿಸಿ ಸೀಳಿನಲ್ಲಿ ತಳ್ಳಿದರೆ ಬಕಲ್ ಕೈಗೆ ಬರುತ್ತದೆ. ಯಾವ ಸೀಳಿನಲ್ಲಿತ್ತು ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಲೋಟದಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಬಕಲನ್ನಷ್ಟೇ ಅದ್ದಿ, ಗುಂಡಿ ಒತ್ತುತ್ತಾ ಅಲ್ಲಾಡಿಸಿ, ನೀರು ಬದಲಿಸಿ ಮತ್ತೆ ಅಲ್ಲಾಡಿಸಿ, ರಾತ್ರಿಯಿಡೀ ಒಣಗಲು ಬಿಡಿ. ಸೋಪು ಬೇಡ. ಕೊಬ್ಬರಿ ಎಣ್ಣೆಯಂತೂ ಖಂಡಿತ ಬೇಡ. ಎಣ್ಣೆಗೆ ಧೂಳು ಹಿಡಿದು ಒಳಗಿನ ಸ್ಪ್ರಿಂಗು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ವಾಷಿಂಗ್ ಮೆಷಿನ್, ಬ್ಲೀಚ್, ನೆನೆಸಿಡುವುದು ಪಟ್ಟಿಯ ನೂಲನ್ನು ದುರ್ಬಲ ಮಾಡುತ್ತವೆ. ನಿಮ್ಮ ಸೀಟಿನ ಕೈಪಿಡಿ ಬೇರೆ ಹೇಳಿದರೆ ಅದೇ ಕೊನೆಯ ಮಾತು.

ಏನು ಕಾಣುತ್ತದೆ

ಬೆಲ್ಟಿನ ಸೀಟಿನ ದೊಡ್ಡ ಲಾಭ ಹಿಂದಿನ ಸಾಲಿನ ನಡುವಿನ ಜಾಗ. ಐಸೋಫಿಕ್ಸ್ ಕೊಂಡಿಗಳು ನಮ್ಮ ಹೆಚ್ಚಿನ ಕಾರುಗಳಲ್ಲಿ ಎರಡು ಬದಿಗೆ ಮಾತ್ರ ಇರುತ್ತವೆ, ತಿರುಗುವ ಸೀಟು ಅಲ್ಲೇ ಕೂರಬೇಕು. ಬದಿಯಲ್ಲಿ ಕೂತ ಮಗುವಿಗೆ ಕಾಣುವುದು ಸರ್ರನೆ ಓಡುವ ಮರ, ತಡೆಗೋಡೆ. ನಡುವೆ ಮುಮ್ಮುಖವಾಗಿ ಕೂತರೆ ಎರಡು ಮುಂದಿನ ಸೀಟುಗಳ ನಡುವಿನಿಂದ ದಾರಿಯೇ ಕಾಣುತ್ತದೆ, ತಿರುವು ಬರುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ. ಆದರೆ ನಡುವಿನ ಜಾಗದಲ್ಲಿ ಸೊಂಟಕ್ಕಷ್ಟೇ ಬೆಲ್ಟ್ ಇದ್ದರೆ ಅಲ್ಲಿ ಕೂರಿಸಬೇಡಿ. ಭುಜದ ಮೇಲಿಂದ ಬರುವ ಮೂರು ಬಿಂದುವಿನ ಬೆಲ್ಟೇ ಬೇಕು. ನಡುವೆ ದಿಂಡಿನಂತೆ ಉಬ್ಬಿರುವ ಕಾರುಗಳಲ್ಲಿ ಸೀಟು ವಾಲುತ್ತದೆ, ಅಲ್ಲೂ ಆಗದು.

ಮಗು ಹಿಮ್ಮುಖವಾಗಿ ಕೂತರೆ ವಾಂತಿ ಜಾಸ್ತಿ ಎಂದು ಒಂದು ವರ್ಷಕ್ಕೇ ಮುಮ್ಮುಖಕ್ಕೆ ತಿರುಗಿಸುವವರಿದ್ದಾರೆ. ಅವಸರ ಬೇಡ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ, ಕತ್ತು ಎಳೆಯದು. ಎದುರಿನಿಂದ ಗುದ್ದಿದರೆ ಹಿಮ್ಮುಖ ಸೀಟು ಪೆಟ್ಟನ್ನು ಇಡೀ ಬೆನ್ನಿಗೆ ಹಂಚುತ್ತದೆ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದ ಹತ್ತಿರದವರೆಗೂ ಹೀಗೇ ಕೂರಿಸುತ್ತಾರೆ. ಹಿಮ್ಮುಖದಲ್ಲಿ ತೊಂದರೆ ಕೊಡುವುದು ಹಲವು ಸಲ ಕಾರಿನದೇ ತಲೆದಿಂಬು: ಮಗುವಿನ ಕಣ್ಣಿಗೂ ಹಿಂದಿನ ಗಾಜಿಗೂ ನಡುವೆ ಅದು ಗೋಡೆಯಾಗಿ ನಿಂತಿರುತ್ತದೆ. ಕಾರಿನ, ಸೀಟಿನ ಕೈಪಿಡಿಗಳು ಒಪ್ಪುವುದಾದರೆ ಆ ಒಂದು ದಿಂಬನ್ನು ಕಿತ್ತು ಡಿಕ್ಕಿಯಲ್ಲಿ ಕಟ್ಟಿಡಿ. ಹಿಂದೆ ಸರಿಯುವ ದಾರಿ ಕಾಣತೊಡಗುತ್ತದೆ. ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗ್ ಚಾಲೂ ಇರುವಾಗ, ಹಿಮ್ಮುಖ ಸೀಟನ್ನು ಎಂದೂ ಇಡಬಾರದು.

ನನ್ನ ಸೀಟಿನ ಕೊರತೆಯನ್ನೂ ಹೇಳಬೇಕು. ಈ ಬೆಲೆಯ ಬೆಲ್ಟಿನ ಸೀಟುಗಳು ಹೆಚ್ಚಾಗಿ ಹಳೆಯ ಆರ್44ರವು, ಅದರಲ್ಲೂ ಹಲವು ಹಿಮ್ಮುಖಕ್ಕೆ 13 ಕೆಜಿಯವರೆಗೆ ಮಾತ್ರ. ಎರಡೂವರೆ ವರ್ಷದ ದುಂಡಗಿನ ಮಗು ಆ ಮಿತಿಯನ್ನು ಆಗಲೇ ಮುಟ್ಟಿರುತ್ತದೆ. ಆರ್129ರಲ್ಲಿ ಬದಿಯಿಂದ ಗುದ್ದುವ ಪರೀಕ್ಷೆಯೂ ಇದೆ, ಯುರೋಪಿನಲ್ಲಿ 2024ರ ಸೆಪ್ಟೆಂಬರಿನಿಂದ ಆರ್44ರ ಹೊಸ ಸೀಟು ಮಾರುವಂತಿಲ್ಲ. ಬೆಲ್ಟಿನಲ್ಲೇ ಬಿಗಿಯುವ ಆರ್129 ಸೀಟು ಕೈಗೆಟುಕುವ ಬೆಲೆಗೆ ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ತನ್ನಿ.

ತಿರುಗುವ ಸೀಟಿಗೆ ಸಲ್ಲಬೇಕಾದ ಮೆಚ್ಚುಗೆ

ಬಾಗಿಲ ಕಡೆ ತಿರುಗಿಸಿ ಮಗುವನ್ನು ಒಂದೇ ಸಲಕ್ಕೆ ಎತ್ತಿಕೊಳ್ಳುವ ಸುಖ ಬೇರೆ ಯಾವುದರಲ್ಲೂ ಇಲ್ಲ, ಓಕರಿಕೆ ಶುರುವಾದಾಗ ಆ ಕೆಲವು ಕ್ಷಣಗಳೂ ಮುಖ್ಯ. ಬೆನ್ನುನೋವಿರುವ ಅಜ್ಜಿ–ತಾತ ಮಗುವನ್ನು ಹತ್ತಿಸಿ ಇಳಿಸುವ ಮನೆಗೆ ಇದೇ ಸರಿ. ಬಿಗಿಯುವಾಗ ತಪ್ಪಾಗುವುದೂ ಕಡಿಮೆ, ಹಸಿರು ಗುರುತು ಬಂದರೆ ಕೂತಿತು ಎಂದರ್ಥ. ಊರುಗಾಲು (ಪೀಠದಿಂದ ಕಾರಿನ ನೆಲಕ್ಕೆ ಊರುವ ಕಂಬ) ಇರುವ ಸೀಟಾದರೆ, ಕಾಲಿಡುವ ಜಾಗದಲ್ಲಿ ಮುಚ್ಚಳದ ಕೆಳಗೆ ಪೊಳ್ಳು ಪೆಟ್ಟಿಗೆ ಇರುವ ಕಾರಿಗೆ ಆಗದು. ತೂಕವೂ ಹೆಚ್ಚು, ಹತ್ತು ಕೆಜಿಯ ಮೇಲೆ. ಮಂಗಳೂರಿನವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ ಎನ್ನುವವರು ಅದನ್ನು ಹೊತ್ತೊಯ್ಯಲಾರರು.

9–36 ಕೆಜಿಯ ಸೀಟು: ಒರಗುವುದು ಕಡಿಮೆ, ನಿದ್ದೆ ಬಂದ ಕೂಡಲೇ ತಲೆ ಎದೆಗೆ ಬೀಳುತ್ತದೆ, ತಲೆಯ ಎರಡೂ ಪಕ್ಕಕ್ಕೆ ಚಾಚಿದ ಸೀಟಿನ ಅಗಲವಾದ ಕಿವಿಗಳು ನೋಟವನ್ನು ಮುಚ್ಚುತ್ತವೆ, ಹಿಮ್ಮುಖ ಇಲ್ಲವೇ ಇಲ್ಲ. ನಾಲ್ಕು ದಾಟಿದ ಮಗುವಿಗೆ ಒಳ್ಳೆಯದು. ಎರಡರದ್ದಕ್ಕೆ ಬೇಡ.

ಬೆಲ್ಟಿನ ಸೀಟು ಬಿಗಿಯುವಾಗ

ಹಿಮ್ಮುಖಕ್ಕೆ ನೀಲಿ ಗುರುತಿನ ದಾರಿ, ಮುಮ್ಮುಖಕ್ಕೆ ಕೆಂಪು ಗುರುತಿನ ದಾರಿ. ಬೆಲ್ಟ್ ತೂರಿಸಿ ಬಕಲ್ ಹಾಕಿದ ಮೇಲೆ ಮೊಣಕಾಲನ್ನು ಸೀಟಿನೊಳಗೆ ಊರಿ ಭಾರ ಬಿಟ್ಟು, ಮೊದಲು ಸೊಂಟದ ಭಾಗದ ಬೆಲ್ಟ್, ಆಮೇಲೆ ಭುಜದ ಭಾಗದ್ದನ್ನು ಎಳೆಯಿರಿ. ಬೆಲ್ಟ್ ತೂರುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ 2.5 ಸೆಂಟಿಮೀಟರಿಗಿಂತ ಹೆಚ್ಚು ಜರುಗಬಾರದು. ಕಾರಿನ ಬಕಲ್ ಸೀಟಿನ ಪ್ಲಾಸ್ಟಿಕ್ ಅಂಚಿನ ಮೇಲೆ ಬಾಗಿ ಕೂತಿದ್ದರೆ ಆ ಕಾರಿಗೆ ಆ ಸೀಟು ಹೊಂದುವುದಿಲ್ಲ. ಕೆಲವು ಸಣ್ಣ ಕಾರುಗಳಲ್ಲಿ ಹಿಮ್ಮುಖಕ್ಕೆ ಬೆಲ್ಟಿನ ಉದ್ದವೇ ಸಾಲುವುದಿಲ್ಲ, ಹಾಗಾಗಿ ದುಡ್ಡು ಕೊಡುವ ಮೊದಲೇ ಕಾರಿಗೆ ಹಾಕಿ ನೋಡಿ.

ಭುಜದ ಪಟ್ಟಿ ಹಿಮ್ಮುಖದಲ್ಲಿ ಭುಜದ ಮಟ್ಟಕ್ಕೆ ಅಥವಾ ತುಸು ಕೆಳಗೆ, ಮುಮ್ಮುಖದಲ್ಲಿ ಭುಜದ ಮಟ್ಟಕ್ಕೆ ಅಥವಾ ತುಸು ಮೇಲೆ. ಬಿಗಿದ ಪಟ್ಟಿಯನ್ನು ಕೊರಳೆಲುಬಿನ ಹತ್ತಿರ ಚಿವುಟಿದರೆ ಮಡಿಕೆ ಬೆರಳಿಗೆ ಸಿಗಬಾರದು. ಹೊಟ್ಟೆ ಅಮುಕುತ್ತದೆ, ವಾಂತಿಯಾಗುತ್ತದೆ ಎಂದು ಸಡಿಲ ಬಿಡುವುದು ಸಾಮಾನ್ಯ, ಅದು ಅಪಾಯ. ಸೊಂಟದ ಪಟ್ಟಿ ಹೊಟ್ಟೆಯಿಂದ ಕೆಳಗೆ, ತೊಡೆಯ ಬುಡಕ್ಕೆ ಇಳಿದಿದ್ದರೆ ಹೊಟ್ಟೆ ತಾನಾಗಿ ಹಗುರವಾಗುತ್ತದೆ. ರಕ್ಷಣೆಗೆಂದು ರಬ್ಬರ್ ಶೀಟು, ದಪ್ಪ ಟವೆಲ್ಲುಗಳನ್ನು ಮಗುವಿನ ಅಡಿಗೆ ಹಾಸಬೇಡಿ, ಗುದ್ದಿದಾಗ ಅವು ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಹಳೆಯ ಹತ್ತಿ ಪಂಚೆಯ ತುಂಡನ್ನು ಪಟ್ಟಿ ಬಿಗಿದ ಮೇಲೆ ಎದೆಯಿಂದ ಬಕಲಿನವರೆಗೆ ಮೇಲುಗಡೆ ಹೊದಿಸಿ, ವಾಂತಿಯ ಹೆಚ್ಚಿನ ಪಾಲು ಅದರಲ್ಲೇ ನಿಲ್ಲುತ್ತದೆ. ಮಾತ್ರೆ, ಸಿರಪ್ಪುಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ವಾಂತಿ ತಡೆಯಲು ಕೊಡುವ ಪ್ರೊಮೆಥಜೀನ್ ಎರಡು ವರ್ಷದೊಳಗಿನವರಿಗೆ ನಿಷಿದ್ಧ.

ದುಡ್ಡಿನ ಲೆಕ್ಕ ನನ್ನದು ಹೀಗಿದೆ: ಮನೆಗೆ ಒಂದೇ ಕಾರು, ರಜೆ ಬಂದರೆ ಘಾಟಿ ಇಳಿಯುವ ಅಭ್ಯಾಸ, ಸೀಟಿಗೆ ಹದಿನೈದು ಸಾವಿರದ ಮೇಲೆ ಹಾಕಲು ಮನಸ್ಸಿಲ್ಲ. ಬೆಲ್ಟಿನ ಸೀಟು ಆ ಮಿತಿಯೊಳಗೇ ಬಂದು ಒಂದಿಷ್ಟು ಉಳಿಯುತ್ತದೆ, ಆ ಉಳಿಕೆ ಅದೇ ಕಂಪನಿಯ ಇನ್ನೊಂದು ಕವರಿಗೆ. ಮಳೆಗಾಲದ ಮಲೆನಾಡಿನಲ್ಲಿ ತೊಳೆದ ಕವರ್ ಎರಡು ದಿನವಾದರೂ ಒಣಗುವುದಿಲ್ಲ, ಹೊರಡುವ ಬೆಳಿಗ್ಗೆ ಒದ್ದೆ ಕವರಿನ ಮೇಲೆ ಮಗುವನ್ನು ಕೂರಿಸಲಾಗದು. ಆದ್ದರಿಂದ ಬಿಡಿ ಕವರ್ ಮಾರದ ಕಂಪನಿಯ ಸೀಟು ಎಷ್ಟೇ ಚೆನ್ನಾಗಿದ್ದರೂ ನನ್ನ ಪಟ್ಟಿಯಲ್ಲಿ ಇಲ್ಲ.