ನ್ಯಾನೋ ಮಾತ್ರೆ ನಂಬಿ ಡಾಕ್ಟರ ಮಾತ್ರೆ ಬಿಟ್ಟೆ, ದಯವಿಟ್ಟು ನೀವು ಬಿಡಬೇಡಿ

ನನಗೆ ರುಮಟಾಯ್ಡ್ ಆರ್ಥರೈಟಿಸ್ ಇದೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ದಾಳಿ ಮಾಡುವ ಗಂಟುರೋಗ. ಅದನ್ನು ಹತೋಟಿಯಲ್ಲಿಡಲು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಮರುದಿನವೆಲ್ಲ ಹೊಟ್ಟೆ ತೊಳಸುತ್ತಿತ್ತು, ಊಟ ಸೇರುತ್ತಿರಲಿಲ್ಲ. ಆ ಬೇಸರದಲ್ಲಿದ್ದಾಗಲೇ ಪರಿಚಯದವರೊಬ್ಬರು ‘ನ್ಯಾನೋ’ ಮಾತ್ರೆ ತಂದುಕೊಟ್ಟರು. ಅದರ ಅತಿ ಸೂಕ್ಷ್ಮ ಕಣಗಳು ನೇರವಾಗಿ ಕೀಲಿಗೇ ಹೋಗುತ್ತವೆ, ಸವೆದ ಮೆದುಮೂಳೆ ಮತ್ತೆ ಬೆಳೆಯುತ್ತದೆ, ಸೈಡ್ ಎಫೆಕ್ಟ್ ಇಲ್ಲ ಅಂದರು.

ಮೂರೇ ದಿನಕ್ಕೆ ನೋವು ಇಳಿಯಿತು. ಬೆಳಿಗ್ಗೆ ಎದ್ದ ಕೂಡಲೇ ಮುಷ್ಟಿ ಕಟ್ಟಲು ಬಂತು. ಖುಷಿಗೆ ಅತ್ತುಬಿಟ್ಟೆ. ಮೆಥೋಟ್ರೆಕ್ಸೇಟ್ ನಿಲ್ಲಿಸಿದೆ. ಡಾಕ್ಟರಿಗೆ ಹೇಳಲಿಲ್ಲ.

ನಾಲ್ಕು ತಿಂಗಳಲ್ಲಿ ಮುಖ ದುಂಡಗೆ ಊದಿಕೊಂಡಿತು. ಒಮ್ಮೆ ಮಾತ್ರೆ ಮುಗಿದು, ಹೊಸದು ಬರುವುದು ಕೆಲವು ದಿನ ತಡವಾಯಿತು. ವಾಂತಿ, ಎದ್ದು ನಿಂತರೆ ತಲೆಸುತ್ತು, ಗಂಟುಗಳಲ್ಲಿ ಮೊದಲಿಗಿಂತ ಜಾಸ್ತಿ ಊತ. ಆಸ್ಪತ್ರೆಗೆ ಹೋದಾಗ ಸಕ್ಕರೆಯೂ ಏರಿತ್ತು. ನನ್ನ ಮುಖ ನೋಡಿದ ಡಾಕ್ಟರು ಕೇಳಿದ ಮೊದಲ ಮಾತು, “ಸ್ಟೆರಾಯ್ಡ್ ಎಷ್ಟು ದಿನದಿಂದ ತಗೊಳ್ತಿದ್ದೀರಾ?”

ಡಬ್ಬಿಯ ಮೇಲೆ ಅಂಥ ಹೆಸರೇ ಇರಲಿಲ್ಲ. ಇದು ನನ್ನೊಬ್ಬಳ ಕಥೆಯೂ ಅಲ್ಲ. ಗಂಟುನೋವಿಗೆಂದು ಮಾರುವ ಕೆಲವು ಮಾತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್, ಡೈಕ್ಲೊಫೆನಾಕ್ ಎಂಬ ನೋವಿನ ಮದ್ದು ಗುಟ್ಟಾಗಿ ಬೆರೆತಿವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲೇ ಎಚ್ಚರಿಸಿತ್ತು.

ನಾನು ಮೋಸ ಹೋಗಿದ್ದು ಯಾಕೆ ಗೊತ್ತಾ? ನ್ಯಾನೋ ಔಷಧ ಅನ್ನುವುದು ಸುಳ್ಳಲ್ಲ. ಕೊಬ್ಬಿನ ಪುಟ್ಟ ಗುಳ್ಳೆಯೊಳಗೆ ಔಷಧ ತುಂಬಿ ಕೊಡುವ ಕ್ಯಾನ್ಸರ್ ಮದ್ದಿಗೆ 1995ರಲ್ಲೇ ಒಪ್ಪಿಗೆ ಸಿಕ್ಕಿದೆ. ಕೀಲಿನ ವಿಷಯದಲ್ಲೂ ನಿಜವಾದ ತೊಡಕಿದೆ. ಮೆದುಮೂಳೆಗೆ ರಕ್ತನಾಳಗಳಿಲ್ಲ. ಕೀಲಿಗೇ ಚುಚ್ಚಿದ ಔಷಧವೂ ಬೇಗ ಹೊರಗೆ ಹರಿದುಹೋಗುತ್ತದೆ. ಅದನ್ನು ಅಲ್ಲೇ ಹಿಡಿದಿಡುವ ಕಣಗಳಿಗಾಗಿ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಹೆಚ್ಚಿನ ಕೆಲಸ ಇನ್ನೂ ಇಲಿ, ಮೊಲಗಳ ಮೇಲೆ. ಮಂಡಿ ಸವೆತದ ನೋವಿಗೆ ಸ್ಟೆರಾಯ್ಡನ್ನು ನಿಧಾನವಾಗಿ ಬಿಡುವ ಒಂದು ಇಂಜೆಕ್ಷನ್‌ಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಕಣಗಳು ಮೈಕ್ರೋ ಗಾತ್ರದವು, ನ್ಯಾನೋಗಿಂತ ಎಷ್ಟೋ ದೊಡ್ಡವು. ಅದು ನೋವು ತಗ್ಗಿಸುತ್ತದೆ ಅಷ್ಟೇ, ಮೆದುಮೂಳೆ ಬೆಳೆಸುವುದಿಲ್ಲ. ಹಾಗಾಗಿ ಯಾರಾದರೂ ನ್ಯಾನೋ ಅಂದರೆ ಸುಮ್ನೆ ತಲೆಯಾಡಿಸಬೇಡಿ. ಒಳಗಿರುವ ಔಷಧದ ಹೆಸರೇನು, ಮನುಷ್ಯರ ಮೇಲೆ ಪರೀಕ್ಷೆಯಾಗಿದೆಯಾ, ಒಪ್ಪಿಗೆ ಕೊಟ್ಟವರು ಯಾರು ಅಂತ ಕೇಳಿ. ನಾನು ಒಂದನ್ನೂ ಕೇಳಲಿಲ್ಲ.

ಎಕ್ಸ್‌ರೇಯಲ್ಲಿ ಬೆರಳಿನ ಮೂಳೆಯ ಅಂಚು ಸವೆದಿರುವುದು ಕಾಣಿಸಿತು. ನೋವು ಅಡಗಿತ್ತು, ಕಾಯಿಲೆ ಒಳಗೊಳಗೇ ತಿನ್ನುತ್ತಿತ್ತು. ನಡುಬೆರಳು ಈಗ ಪೂರ್ತಿ ನೆಟ್ಟಗಾಗುವುದಿಲ್ಲ. ಹೊಟ್ಟೆ ತೊಳಸುವುದಕ್ಕೆ ಡಾಕ್ಟರು ಮಾಡಿದ್ದೇನು ಗೊತ್ತಾ? ಮೆಥೋಟ್ರೆಕ್ಸೇಟನ್ನೇ ಇಂಜೆಕ್ಷನ್‌ಗೆ ಬದಲಿಸಿ, ಫೋಲಿಕ್ ಆಸಿಡ್ ಹೊಂದಿಸಿದರು. ಈಗ ಊಟ ಸೇರುತ್ತಿದೆ. ಮೊದಲೇ ಹೇಳಿದ್ದರೆ ಅಂದೇ ಮಾಡುತ್ತಿದ್ದರು ಅಲ್ವಾ?

ಇಂಥ ಮಾತ್ರೆ ಈಗಾಗಲೇ ನುಂಗುತ್ತಿರುವವರು ಇದನ್ನು ಓದಿ ಹೆದರಿ ಒಮ್ಮೆಲೇ ನಿಲ್ಲಿಸಬೇಡಿ. ಸ್ಟೆರಾಯ್ಡ್ ಇದ್ದರೆ ದೇಹ ತನ್ನದೇ ಹಾರ್ಮೋನ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಡಬ್ಬಿ ಎಸೆಯದೆ ಹಾಗೇ ಹಿಡಿದುಕೊಂಡು ಇವತ್ತೇ ಡಾಕ್ಟರ ಹತ್ತಿರ ಹೋಗಿ.