ವಾಲೆಟ್ ಕಾಪಾಡುವ ನೆಪದಲ್ಲಿ ಬಂದ ಇಮೇಲ್

ಇಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ, ನಿಮ್ಮ ಕ್ರಿಪ್ಟೋ ವಾಲೆಟ್‌ನ 12 ಅಥವಾ 24 ಪದಗಳನ್ನು (ವಾಲೆಟ್ಟನ್ನು ಎಲ್ಲಿ ಬೇಕಾದರೂ ತೆರೆಯುವ ಗುಟ್ಟಿನ ಕೀಲಿ) ಈಗಷ್ಟೇ ಎಲ್ಲೋ ಟೈಪ್ ಮಾಡಿದ್ದೀರಾ? ಹಾಗಿದ್ದರೆ ನನ್ನ ಕಥೆ ಆಮೇಲೆ ಓದಿ. ಮೊದಲು ಹೊಸ ವಾಲೆಟ್ ಮಾಡಿ. ಅದರ ಪದಗಳೂ ಹೊಸವೇ ಆಗಿರಬೇಕು. ಹಳೆಯದರೊಳಗೇ ಇನ್ನೊಂದು ಅಕೌಂಟ್ ತೆರೆದರೆ ಪ್ರಯೋಜನವಿಲ್ಲ, ಅದೂ ಅದೇ ಪದಗಳಿಂದಲೇ ಹುಟ್ಟುತ್ತದೆ. ಉಳಿದಿರುವುದರಲ್ಲಿ ಜಾಸ್ತಿ ಬೆಲೆಯದ್ದನ್ನು ಮೊದಲು ಹೊಸ ವಿಳಾಸಕ್ಕೆ ಕಳಿಸಿ. ಪಾಸ್‌ವರ್ಡ್ ಬದಲಾಯಿಸುತ್ತಾ ಕೂರಬೇಡಿ. ಪಾಸ್‌ವರ್ಡ್ ಅನ್ನುವುದು ನಿಮ್ಮ ಫೋನಿನಲ್ಲಿರುವ ಆ್ಯಪ್‌ಗೆ ಹಾಕಿದ ಬೀಗ ಅಷ್ಟೇ. ಪದಗಳು ಸಿಕ್ಕವರಿಗೆ ನಿಮ್ಮ ಫೋನೂ ಬೇಡ, ಪಾಸ್‌ವರ್ಡೂ ಬೇಡ.

ಈಗ ನನಗೆ ಆಗಿದ್ದನ್ನು ಹೇಳುತ್ತೇನೆ.

ಆ ವಾರ ನಾನು ಹೊಸ ಫೋನ್ ತೆಗೆದುಕೊಂಡಿದ್ದೆ. ಅದರಲ್ಲಿ ವಾಲೆಟ್ ಆ್ಯಪ್ ಹಾಕಿ, ಕಾಗದದಲ್ಲಿ ಬರೆದಿಟ್ಟಿದ್ದ 12 ಪದಗಳನ್ನು ಕೊಟ್ಟು, ಎಲ್ಲ ಸರಿಯಾಗಿ ಬಂತೆಂದು ನೋಡಿಕೊಂಡಿದ್ದೆ. ಎರಡು ದಿನ ಬಿಟ್ಟು ರಾತ್ರಿ ಹತ್ತೂವರೆ ದಾಟಿದ ಮೇಲೆ ಒಂದು ಇಮೇಲ್ ಬಂತು. ನಾನು ಬಳಸುವ ವಾಲೆಟ್ ಕಂಪನಿಯದೇ ಹೆಸರು, ಅದೇ ಲೋಗೋ, ಅದೇ ಬಣ್ಣ. ಕಂಪನಿಯ ಹೆಸರು ಇಲ್ಲಿ ಬರೆಯುತ್ತಿಲ್ಲ. ತಪ್ಪು ಅವರದ್ದಲ್ಲ, ಕಳ್ಳರು ಅವರ ಹೆಸರು ಹೊದ್ದು ಬಂದಿದ್ದರು. "ಹೊಸ ಸಾಧನವೊಂದರಲ್ಲಿ ನಿಮ್ಮ ವಾಲೆಟ್ ತೆರೆಯಲಾಗಿದೆ. ಇದು ನೀವಲ್ಲದಿದ್ದರೆ ಅಥವಾ ನೀವೇ ಆಗಿದ್ದರೂ 24 ಗಂಟೆಯೊಳಗೆ ಖಚಿತಪಡಿಸಿ. ಇಲ್ಲದಿದ್ದರೆ ಸುರಕ್ಷತೆಗಾಗಿ ವಾಲೆಟ್ ತಡೆಹಿಡಿಯಲಾಗುವುದು."

ಹೊಸ ಸಾಧನ. ನಿಜವಾಗಿಯೂ ಹೊಸ ಫೋನ್ ತೆಗೆದುಕೊಂಡಿದ್ದೆ, ಅಲ್ವಾ? ಇದು ಇವರಿಗೆ ಹೇಗೆ ಗೊತ್ತಾಯಿತು ಎಂದು ಅನುಮಾನ ಬರಬೇಕಿತ್ತು. ಬದಲಿಗೆ, ಇವರಿಗೆ ಗೊತ್ತಿದೆ ಅಂದಮೇಲೆ ಇದು ಅಸಲಿಯೇ ಅಂದುಕೊಂಡೆ. ಈಗ ಯೋಚಿಸಿದರೆ ಅವರಿಗೆ ಏನೂ ಗೊತ್ತಿರಲಿಲ್ಲ. ಇಂಥ ಇಮೇಲ್ ಒಂದೇ ಸಲಕ್ಕೆ ಸಾವಿರಾರು ಜನಕ್ಕೆ ಹೋಗುತ್ತದೆ. ಅಷ್ಟು ಜನರಲ್ಲಿ ಯಾರೋ ಒಬ್ಬರು ಆ ವಾರ ಫೋನ್ ಬದಲಾಯಿಸಿರುತ್ತಾರೆ. ಈ ಸಲ ಅದು ನಾನಾಗಿದ್ದೆ.

ಲಿಂಕ್ ಒತ್ತಿದೆ. ಪೇಜ್ ಅಚ್ಚುಕಟ್ಟಾಗಿತ್ತು. 12 ಖಾಲಿ ಚೌಕಗಳು. ಟೈಪ್ ಮಾಡುವಾಗ ಒಂದು ಪದದಲ್ಲಿ ಅಕ್ಷರ ತಪ್ಪಿತು. ತಕ್ಷಣ ಆ ಚೌಕ ಕೆಂಪಾಯಿತು. ನನ್ನನ್ನು ಪೂರ್ತಿ ನಂಬಿಸಿದ್ದು ಆ ಕೆಂಪು ಬಣ್ಣ. ನನ್ನ ಪದ ತಪ್ಪೆಂದು ಇವರಿಗೆ ಗೊತ್ತಾಗುತ್ತಿದೆ ಅಂದರೆ ಇವರ ಹತ್ತಿರ ನನ್ನ ದಾಖಲೆ ಇದೆ ಎಂದುಕೊಂಡೆ. ಅದು ಹಾಗಲ್ಲ. ಬಹುತೇಕ ವಾಲೆಟ್‌ಗಳು ಪದಗಳನ್ನು ಆರಿಸುವುದು 2048 ಪದಗಳ ಒಂದೇ ಪಟ್ಟಿಯಿಂದ. ಬಿಪ್-39 ಅನ್ನುವ ಆ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಪಟ್ಟಿಯಲ್ಲಿ ಇಲ್ಲದ ಪದ ಬಂದರೆ ಕೆಂಪು ಮಾಡುವುದು ಯಾರಿಗೆ ಬೇಕಾದರೂ ಸುಲಭ. ಕೊನೆಯ ಪದದಲ್ಲಿ ಉಳಿದ ಪದಗಳ ತಾಳೆ ನೋಡುವ ಲೆಕ್ಕವೂ ಅಡಗಿರುತ್ತದೆ. ಹಾಗಾಗಿ 12 ಪದ ಸರಿಯಾಗಿ ಕೂಡುತ್ತವೆಯೇ ಇಲ್ಲವೇ ಎನ್ನುವುದೂ ಕಳ್ಳನಿಗೆ ಅಲ್ಲೇ ಗೊತ್ತಾಗುತ್ತದೆ. ಆ ಪೇಜ್ ನನ್ನನ್ನು ಕಾಪಾಡುತ್ತಿರಲಿಲ್ಲ. ತನಗೆ ಸಿಗುವ ಕೀಲಿ ಸರಿ ಇದೆಯೇ ಎಂದು ಪರೀಕ್ಷೆ ಮಾಡುತ್ತಿತ್ತು.

ಕೊನೆಗೆ ಹಸಿರು ಟಿಕ್ ಬಂತು. "ಪರಿಶೀಲನೆ ನಡೆಯುತ್ತಿದೆ. ದಯವಿಟ್ಟು 12 ಗಂಟೆ ವಾಲೆಟ್ ತೆರೆಯಬೇಡಿ" ಎಂದಿತ್ತು. ಆಮೇಲೆ ಆ ಪೇಜ್ ತಾನಾಗಿಯೇ ಕಂಪನಿಯ ಅಸಲಿ ವೆಬ್‌ಸೈಟಿಗೆ ಹೋಯಿತು. ನಾನು ನೆಮ್ಮದಿಯಿಂದ ಮಲಗಿದೆ.

ಬೆಳಗ್ಗೆ ನೋಡಿದಾಗ ಸೊನ್ನೆ. 1.3 ಈಥರ್ (ಇಥೀರಿಯಂ ಜಾಲದ ನಾಣ್ಯ) ಮತ್ತು ಅದೇ ಜಾಲದಲ್ಲಿ ಓಡಾಡುವ ನಾಲ್ಕು ಬಗೆಯ ಟೋಕನ್ ಇದ್ದವು, ಮೂರು ವರ್ಷ ಸ್ವಲ್ಪ ಸ್ವಲ್ಪವೇ ಕೂಡಿಸಿದ್ದು. ಬ್ಲಾಕ್‌ಚೈನ್ ಅನ್ನುವ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಬಯಲಲ್ಲೇ ಇರುತ್ತದೆ. ಆ ಲೆಕ್ಕ ತೋರಿಸುವ ಈಥರ್‌ಸ್ಕ್ಯಾನ್ ವೆಬ್‌ಸೈಟಿನಲ್ಲಿ ನನ್ನ ವಾಲೆಟ್ ವಿಳಾಸ ಹಾಕಿ ನೋಡಿದೆ. ನಾನು ಕೊನೆಯ ಪದ ಟೈಪ್ ಮಾಡಿದ ಆರು ನಿಮಿಷಕ್ಕೆ ಮೊದಲ ಟೋಕನ್ ಹೋಗಿತ್ತು. ಕೊನೆಗೆ ಈಥರ್. ಕಳ್ಳನಿಗೆ ಕ್ರಮ ಗೊತ್ತಿತ್ತು. ಟೋಕನ್ ಕಳಿಸಲು ಗ್ಯಾಸ್ ಅನ್ನುವ ಶುಲ್ಕ ಬೇಕು, ಗ್ಯಾಸ್‌ಗೆ ಈಥರ್ ಬೇಕು, ಅದಕ್ಕೇ ಈಥರನ್ನು ಕೊನೆಗೆ ಉಳಿಸಿಕೊಂಡಿದ್ದ. ಇಲ್ಲಿ ಫೋನ್ ಮಾಡಿ ತಡೆಯಲು ಬ್ಯಾಂಕ್ ಇಲ್ಲ. ಒಂದು ಸಲ ಬ್ಲಾಕ್‌ಗೆ, ಅಂದರೆ ಆ ಪುಸ್ತಕದ ಒಂದು ಪುಟಕ್ಕೆ, ಸೇರಿದ ವ್ಯವಹಾರವನ್ನು ಯಾರೂ ಹಿಂದಕ್ಕೆ ತರಲಾರರು.

ಇಷ್ಟಕ್ಕೇ ಮುಗಿಯಲಿಲ್ಲ. ಸ್ಟೇಕಿಂಗ್‌ನಲ್ಲಿ, ಅಂದರೆ ಆದಾಯಕ್ಕಾಗಿ ಕಟ್ಟಿಡುವ ಕಡೆ, ಹಾಕಿದ್ದ ಒಂದಿಷ್ಟು ಟೋಕನ್ ಇನ್ನೂ ಉಳಿದಿದ್ದವು. ಅವನ್ನಾದರೂ ಹೊರತೆಗೆಯೋಣ ಎಂದು ಗ್ಯಾಸ್‌ಗಾಗಿ 0.02 ಈಥರನ್ನು ಅದೇ ಹಳೆಯ ವಿಳಾಸಕ್ಕೆ ಕಳಿಸಿದೆ. ಇಥೀರಿಯಂನಲ್ಲಿ 12 ಸೆಕೆಂಡಿಗೊಂದು ಬ್ಲಾಕ್. ನನ್ನ ಹಣ ಬಂದು ಬಿದ್ದ ಮುಂದಿನ ಬ್ಲಾಕ್‌ನಲ್ಲೇ ಹೊರಗೆ ಹೋಗಿತ್ತು. ಕೈಯಿಂದ ಯಾರೂ ಅಷ್ಟು ಬೇಗ ಮಾಡಲಾರರು. ಅದು ಸ್ವೀಪರ್ ಬಾಟ್. ಕದ್ದ ವಾಲೆಟ್‌ಗಳ ಮೇಲೆ ಕಣ್ಣಿಟ್ಟು, ಬಂದದ್ದನ್ನೆಲ್ಲ ಅದೇ ಕ್ಷಣ ಗುಡಿಸುವ ಪ್ರೋಗ್ರಾಂ. ಆದ್ದರಿಂದ ಪದಗಳು ಹೋದ ವಾಲೆಟ್‌ಗೆ ಎಷ್ಟೇ ಸಂಕಟವಾದರೂ ಹೊಸದಾಗಿ ಹಣ ಹಾಕಬೇಡಿ.

ಸಹಾಯ ಕೇಳಿ ಇಂಟರ್ನೆಟ್‌ನಲ್ಲಿ ನಾಲ್ಕು ಸಾಲು ಬರೆದೆ. ಅರ್ಧ ಗಂಟೆಯಲ್ಲಿ ಏಳು ಜನ ಸಂದೇಶ ಕಳಿಸಿದರು. ಎಲ್ಲರೂ "ಹಣ ವಾಪಸ್ ತರಿಸುವ ತಜ್ಞರು". ಒಬ್ಬನಂತೂ ನನ್ನ ವ್ಯವಹಾರದ ಸಂಖ್ಯೆಯನ್ನೇ ಬರೆದು, ತಾನು ತನಿಖಾ ತಂಡದವನು, ಕಳ್ಳನ ವಾಲೆಟ್ ಲಾಕ್ ಮಾಡಿದ್ದೇವೆ, ಬಿಡಿಸಲು ಮೊದಲೇ ಶುಲ್ಕ ಕಟ್ಟಬೇಕು ಎಂದ. ಆ ಸಂಖ್ಯೆ ಬ್ಲಾಕ್‌ಚೈನ್‌ನಲ್ಲಿ ಯಾರಿಗಾದರೂ ಸಿಗುತ್ತದೆ. ಆದರೂ ಕಟ್ಟಿಬಿಡೋಣ ಅನ್ನಿಸಿತ್ತು. ಕಳೆದುಕೊಂಡ ಮೊದಲ ದಿನ ಮನಸ್ಸು ಯಾವ ಹುಲ್ಲುಕಡ್ಡಿಯನ್ನಾದರೂ ಹಿಡಿಯುತ್ತದೆ. ಹಣ ಮುಂಗಡ ಕೇಳಿ ಕ್ರಿಪ್ಟೋ ವಾಪಸ್ ತರುತ್ತೇನೆ ಅನ್ನುವವನು ಅದೇ ಗುಂಪಿನ ಇನ್ನೊಬ್ಬ ಎಂದೇ ತಿಳಿಯಿರಿ. ನಿಮ್ಮ ಊರಿನ ಪೊಲೀಸರಿಗೆ ದೂರು ಕೊಡಿ. ಕದ್ದ ಹಣ ಯಾವುದಾದರೂ ಎಕ್ಸ್‌ಚೇಂಜ್‌ಗೆ (ಕ್ರಿಪ್ಟೋ ಕೊಳ್ಳುವ, ಮಾರುವ ಕಂಪನಿಗೆ) ಹೋಗಿದ್ದು ಕಂಡರೆ ಆ ಎಕ್ಸ್‌ಚೇಂಜ್‌ಗೂ ತಿಳಿಸಿ. ಇವೆರಡಕ್ಕೂ ಶುಲ್ಕವಿಲ್ಲ.

ಆಮೇಲೆ ವಾರಗಟ್ಟಲೆ ಇದನ್ನೇ ಓದಿದೆ. "ಕಳಿಸಿದವರ ವಿಳಾಸ ಸರಿಯಾಗಿ ನೋಡಿ" ಎಂದು ಎಲ್ಲರೂ ಹೇಳುತ್ತಾರೆ. ನೋಡಲೇಬೇಕು. ಫೋನಿನ ಇಮೇಲ್ ಆ್ಯಪ್ ಬರೀ ಹೆಸರು ತೋರಿಸುತ್ತದೆ, ಆ ಹೆಸರನ್ನು ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದು. ಹೆಸರಿನ ಮೇಲೆ ಒತ್ತಿದರೆ ಪೂರ್ತಿ ವಿಳಾಸ ಕಾಣುತ್ತದೆ. ಲಿಂಕ್ ಆದರೆ ಮೊದಲ ಒಂಟಿ ಓರೆಗೆರೆ (/) ಬರುವವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಿ. ಬಲತುದಿಯಲ್ಲಿ .com ಥರದ್ದರ ಜೊತೆಗಿರುವ ಹೆಸರೇ ಮನೆಯ ಯಜಮಾನ. ಅದರ ಎಡಕ್ಕೆ ಕಂಪನಿಯ ಹೆಸರನ್ನು ಎಷ್ಟು ಸಲ ಅಂಟಿಸಿದರೂ ಅದಕ್ಕೆ ಬೆಲೆಯಿಲ್ಲ.

ಆದರೆ ಈ ಸಲಹೆಯೊಂದನ್ನೇ ನಂಬಿ ಕೂತರೆ ಸಾಲದು. 2022ರ ಏಪ್ರಿಲ್‌ನಲ್ಲಿ ಟ್ರೆಜರ್ ಹಾರ್ಡ್‌ವೇರ್ ವಾಲೆಟ್ (ಕೀಲಿಯನ್ನು ಫೋನಿನ ಹೊರಗೆ ಇಡುವ ಪುಟ್ಟ ಸಾಧನ) ಬಳಸುವವರಿಗೆ ಹೀಗೇ ಒಂದು ಎಚ್ಚರಿಕೆಯ ಇಮೇಲ್ ಬಂತು. ಸುದ್ದಿಪತ್ರ ಕಳಿಸುವ ಮೇಲ್‌ಚಿಂಪ್ ಸೇವೆಯಿಂದ ವಿಳಾಸಗಳು ಕಳುವಾಗಿದ್ದವು. ಲಿಂಕ್‌ನಲ್ಲಿದ್ದ ಹೆಸರೂ ಟ್ರೆಜರ್ ಎಂದೇ ಕಾಣುತ್ತಿತ್ತು. ವ್ಯತ್ಯಾಸ ಒಂದೇ: ಇಂಗ್ಲಿಷಿನ ಇ ಅಕ್ಷರದ ಕೆಳಗೆ ಧೂಳಿನ ಕಣದಂಥ ಒಂದು ಚುಕ್ಕೆ. ಫೋನಿನ ಪರದೆಯಲ್ಲಿ ಅದು ಯಾರ ಕಣ್ಣಿಗೆ ಬೀಳಬೇಕು?

ಇನ್ನೂ ಭಯ ಹುಟ್ಟಿಸುವುದು 2024ರ ಜೂನ್ ಪ್ರಕರಣ. ಇಥೀರಿಯಂ ಜಾಲವನ್ನು ಬೆಂಬಲಿಸುವ ಸಂಸ್ಥೆಯಾದ ಇಥೀರಿಯಂ ಫೌಂಡೇಶನ್ನಿನ ಇಮೇಲ್ ವ್ಯವಸ್ಥೆಗೇ ಯಾರೋ ನುಗ್ಗಿ 35,794 ವಿಳಾಸಗಳಿಗೆ ಸ್ಟೇಕಿಂಗ್‌ಗೆ 6.8% ಆದಾಯ ಎಂದು ಬರೆದು ಕಳಿಸಿದರು. ಕಳಿಸಿದ ವಿಳಾಸ ಫೌಂಡೇಶನ್ನಿನದೇ, ಅಸಲಿಯೇ. ಆ ಸಲ ಯಾರೂ ಹಣ ಕಳೆದುಕೊಂಡಂತಿಲ್ಲ ಎಂದು ಫೌಂಡೇಶನ್ ಆಮೇಲೆ ತಿಳಿಸಿತು. ಆದರೆ ವಿಳಾಸ ನೋಡಿ ನಂಬುವವರಿಗೆ ಅಲ್ಲಿ ಏನು ತಪ್ಪು ಕಾಣುತ್ತಿತ್ತು? ಕಾಗುಣಿತದ ತಪ್ಪು ಹುಡುಕುವ ಕಾಲವೂ ಮುಗಿದಿದೆ. ನನಗೆ ಬಂದದ್ದರಲ್ಲಿ ಒಂದೂ ಇರಲಿಲ್ಲ.

ಹಾಗಾಗಿ ನಾನು ಈಗ ಕಳಿಸಿದವರು ಯಾರು ಎಂದು ಕೇಳುವುದಕ್ಕಿಂತ ಮೊದಲು, ಏನು ಮಾಡು ಅನ್ನುತ್ತಿದ್ದಾರೆ ಎಂದು ನೋಡುತ್ತೇನೆ. ಆ 12 ಪದಗಳು ಬೇಕಾಗುವುದು ವಾಲೆಟ್ಟನ್ನು ಇನ್ನೊಂದು ಸಾಧನದಲ್ಲಿ ನಾವೇ ಮತ್ತೆ ಕಟ್ಟುವಾಗ ಮಾತ್ರ, ಅದೂ ಆ್ಯಪ್‌ನಲ್ಲಿ ಅಥವಾ ಹಾರ್ಡ್‌ವೇರ್ ಸಾಧನದಲ್ಲಿ. ಪರಿಶೀಲನೆಗೆ, ಅಪ್‌ಡೇಟ್‌ಗೆ, ದೂರು ಪರಿಹಾರಕ್ಕೆ ಅವು ಬೇಡ. ಕೀಲಿ ನಮ್ಮ ಕೈಯಲ್ಲೇ ಇರುವ ವಾಲೆಟ್ಟನ್ನು ಇಮೇಲ್‌ನಿಂದ ತಡೆಹಿಡಿಯಲು ಕಂಪನಿಗೂ ಆಗುವುದಿಲ್ಲ. ಇಷ್ಟೇ ಗೊತ್ತಿದ್ದರೂ ಆ ರಾತ್ರಿ ನಾನು ಹೆದರದೆ ಆ ಇಮೇಲನ್ನು ಅಳಿಸಿ ಮಲಗುತ್ತಿದ್ದೆ. ಮತ್ತೆ, ನನ್ನ ವಾಲೆಟ್ ಮಾಡುವಾಗ ನಾನು ಇಮೇಲ್ ವಿಳಾಸವನ್ನೇ ಕೊಟ್ಟಿರಲಿಲ್ಲ! ವಿಳಾಸ ಬೇರೆಲ್ಲೋ ಸೋರಿರಬೇಕು. 2020ರಲ್ಲಿ ಹಾರ್ಡ್‌ವೇರ್ ವಾಲೆಟ್ ಮಾಡುವ ಲೆಡ್ಜರ್ ಕಂಪನಿಯಿಂದ ಸುಮಾರು 10 ಲಕ್ಷ ಇಮೇಲ್ ವಿಳಾಸಗಳು ಸೋರಿದ್ದವು. ಅದರಲ್ಲಿ ಸುಮಾರು 2,72,000 ಜನರ ಮನೆ ವಿಳಾಸ, ಫೋನ್ ನಂಬರ್ ಕೂಡ ಇದ್ದವು. ಕೆಲವರಿಗೆ ಅಂಚೆಯಲ್ಲಿ ನಕಲಿ ಸಾಧನಗಳೇ ಬಂದವು. ಸೋರಿದ ಪಟ್ಟಿ ಹಳೆಯದಾಗುವುದಿಲ್ಲ, ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ.

ಪದಗಳನ್ನು ಕೇಳದ ಮೋಸವೂ ಇದೆ. ಅದಕ್ಕೆ ಬುದ್ಧಿವಂತರೂ ಬೀಳುತ್ತಾರೆ. ಉಚಿತ ಟೋಕನ್ ಬಂದಿದೆ, ವಾಲೆಟ್ ಕನೆಕ್ಟ್ ಮಾಡಿ ಸಹಿ ಹಾಕಿ ಅನ್ನುತ್ತಾರೆ. ನೀವು ಒತ್ತುವುದು ಅಪ್ರೂವಲ್. ನನ್ನ ಈ ಟೋಕನ್‌ಗಳನ್ನು ಇವನು ಯಾವಾಗ ಬೇಕಾದರೂ ಎಷ್ಟು ಬೇಕಾದರೂ ತೆಗೆದುಕೊಳ್ಳಲಿ ಎಂದು ಬರೆದುಕೊಟ್ಟ ಹಾಗೆ. ಹಾರ್ಡ್‌ವೇರ್ ವಾಲೆಟ್ ಇದ್ದರೂ ನೀವೇ ಸಹಿ ಹಾಕಿದ ಮೇಲೆ ಅದು ಏನು ಮಾಡೀತು? ಪರ್ಮಿಟ್ ಅನ್ನುವ ಸಹಿಗೆ ಗ್ಯಾಸ್ ಕೂಡ ಬೇಡ. ಸುಮ್ನೆ ಒಂದು ಸಹಿ ಅಂದುಕೊಳ್ಳುತ್ತೇವೆ, ಕಳ್ಳ ಅದನ್ನು ಬಳಸುವವರೆಗೆ ಈಥರ್‌ಸ್ಕ್ಯಾನ್‌ನಲ್ಲೂ ಏನೂ ಕಾಣುವುದಿಲ್ಲ. ವೆಬ್‌ಸೈಟಿನಿಂದ ಡಿಸ್‌ಕನೆಕ್ಟ್ ಆದರೆ ಅಪ್ರೂವಲ್ ರದ್ದಾಗುವುದಿಲ್ಲ. ಈಥರ್‌ಸ್ಕ್ಯಾನ್‌ನಲ್ಲಿ ಅಪ್ರೂವಲ್‌ಗಳ ಪಟ್ಟಿ ನೋಡಿ ಒಂದೊಂದಾಗಿ ರದ್ದು ಮಾಡಬೇಕು.

ಇನ್ನೊಂದು ಈಚಿನದು. ಇವರು ಪದಗಳನ್ನು ಕೇಳುವುದಿಲ್ಲ, ಅವರೇ ಕೊಡುತ್ತಾರೆ. ಎಕ್ಸ್‌ಚೇಂಜ್ ಹೆಸರಿನಲ್ಲಿ ಇಮೇಲ್ ಬರುತ್ತದೆ: ನಿಯಮ ಬದಲಾಗಿದೆ, ಹಣವನ್ನು ನಿಮ್ಮ ಸ್ವಂತ ವಾಲೆಟ್‌ಗೆ ಸಾಗಿಸಿ, ಇಗೋ ನಿಮ್ಮ 12 ಪದಗಳು. ಯಾರಿಗೂ ಪದ ಹೇಳಬಾರದು ಎಂದು ಗೊತ್ತಿರುವವರೂ ಇಲ್ಲಿ ಎಡವುತ್ತಾರೆ, ಯಾಕೆಂದರೆ ಅವರು ಏನನ್ನೂ ಹೇಳಿಲ್ಲ. ಆ ಪದಗಳ ಇನ್ನೊಂದು ಪ್ರತಿ ಕಳಿಸಿದವನ ಹತ್ತಿರ ಇದೆ. ನೀವು ಹಣ ಸಾಗಿಸುವುದನ್ನೇ ಅವನು ಕಾಯುತ್ತಿರುತ್ತಾನೆ.

ನಾನು ಬದಲಾಯಿಸಿಕೊಂಡದ್ದು ಸ್ವಲ್ಪವೇ. ಇಮೇಲ್‌ನಿಂದ ವಾಲೆಟ್‌ಗಾಗಲಿ ಎಕ್ಸ್‌ಚೇಂಜ್‌ಗಾಗಲಿ ಹೋಗುವುದಿಲ್ಲ. ಏನೇ ಇದ್ದರೂ ಆ್ಯಪ್ ತೆರೆದು, ಇಲ್ಲವೇ ಮೊದಲೇ ಉಳಿಸಿಟ್ಟ ಬುಕ್‌ಮಾರ್ಕ್‌ನಿಂದ ನೋಡುತ್ತೇನೆ. ಎಕ್ಸ್‌ಚೇಂಜ್‌ನಲ್ಲಿ ಆ್ಯಂಟಿ ಫಿಶಿಂಗ್ ಕೋಡ್ ಹಾಕಿದ್ದೇನೆ. ನಾನು ಆರಿಸಿದ ಪದ ಅವರ ಪ್ರತಿ ಇಮೇಲ್‌ನಲ್ಲೂ ಇರಬೇಕು. ಉಳಿತಾಯದ ವಾಲೆಟ್ ಬೇರೆ, ಅದನ್ನು ಯಾವ ವೆಬ್‌ಸೈಟಿಗೂ ಕನೆಕ್ಟ್ ಮಾಡುವುದಿಲ್ಲ. ಪದಗಳ ಫೋಟೋ ಫೋನಿನಲ್ಲಿಲ್ಲ, ಇಮೇಲ್ ಡ್ರಾಫ್ಟ್‌ನಲ್ಲೂ ಇಲ್ಲ. ರಾತ್ರಿ ಬಂದ ಯಾವ ಎಚ್ಚರಿಕೆಗೂ ರಾತ್ರಿಯೇ ಉತ್ತರ ಕೊಡುವುದಿಲ್ಲ.

ಕಳ್ಳನ ವಿಳಾಸವನ್ನು ಆಗಾಗ ತೆರೆದು ನೋಡುತ್ತೇನೆ. ನನ್ನ ಹಣ ಒಂಬತ್ತು ದಿನ ಅಲ್ಲೇ ಇತ್ತು, ಆಮೇಲೆ ತುಂಡು ತುಂಡಾಗಿ ಎಲ್ಲೆಲ್ಲೋ ಹೋಯಿತು. ಮೊನ್ನೆ ಆ ವಿಳಾಸಕ್ಕೆ ಇನ್ನೊಂದು ವಾಲೆಟ್‌ನಿಂದ ಮೂರು ಟೋಕನ್ ಬಂದವು, ಅದರ ಹಿಂದೆಯೇ 0.4 ಈಥರ್. ಮೊದಲು ಟೋಕನ್, ಕೊನೆಗೆ ಈಥರ್, ಎಲ್ಲವೂ ಎರಡೇ ನಿಮಿಷದಲ್ಲಿ. ನನಗೆ ಆದದ್ದೇ ಕ್ರಮ. ಆ ವಾಲೆಟ್‌ನವರು ಇನ್ನೂ ನಿದ್ದೆಯಲ್ಲಿದ್ದಿರಬಹುದು. ಅವರು ಯಾರೋ, ಎಲ್ಲಿದ್ದಾರೋ, ತಿಳಿಸಲು ನನ್ನ ಹತ್ತಿರ ದಾರಿಯಿರಲಿಲ್ಲ. ಅವತ್ತೇ ಇದನ್ನು ಬರೆಯಲು ಕೂತೆ.